ಉಣ್ಣೆ ಸುತ್ತಿದ ಮೈಕು

ಚಳ್ಳಕೆರೆ
ಜೂನ್ ೨೦೦೯

ಪ್ರೀತಿಯ ಶಮಾ,

ನೀನು ಎಸ್ಸೆಸ್ಸೆಲ್ಸಿ ಪಾಸಾದ ಸುದ್ದಿ ಬಂತು. ಕುಣಿಯುವ ವಯಸ್ಸಲ್ಲ, ಆದರೂ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ನಿನಗೊಂದು ತಪ್ಪೊಪ್ಪಿಗೆ ಬಾಕಿ ಇತ್ತು, ಅದಕ್ಕೇ ಈ ಪತ್ರ.

ನಾಲ್ಕು ವರ್ಷದ ಹಿಂದೆ, ಆಷಾಢದಲ್ಲಿ, ನಿಮ್ಮ ಏಳನೇ ಕ್ಲಾಸಿನವರ ಕೈಗೆ ಮೊಬೈಲ್ ಕೊಟ್ಟು ದೇವಸಮುದ್ರದ ಕೆರೆ ಏರಿಗೆ ಕರೆದೊಯ್ದಿದ್ದೆ. ಬಯಲಲ್ಲಿ ಫೋಟೊ ತೆಗೆಯುತ್ತ, ಓಡಾಡುತ್ತ ಮಕ್ಕಳು ಏನೇನು ಮಾತಾಡಿ ಕಲಿಯುತ್ತಾರೆ ಎಂಬುದು ನನ್ನ ಸಂಶೋಧನೆ. ಗುಂಪಿಗೊಂದೇ ರೆಕಾರ್ಡರ್, ಅದು ಗುಂಪಿನ ಲೀಡರ್ ಕೊರಳಿಗೆ. ನಿಮ್ಮ ಲೀಡರ್ ಮೆಹಜಬೀನ್. ಮೂರು ದಿನ ಕೇಳಿಸಿದ್ದು ಅವಳ ದನಿ, ಉಳಿದದ್ದೆಲ್ಲ ಗಾಳಿ. ನಿನ್ನ ಹೆಸರಿನ ಮುಂದೆ ಮೂರು ದಿನವೂ 'ಮಾತಿಲ್ಲ' ಎಂದು ಬರೆದೆ. ಹಾಳೆಯನ್ನು ನಿಮ್ಮ ಮೇಷ್ಟ್ರಿಗೂ ಕೊಟ್ಟೆ. ದೊಡ್ಡ ಸಂಶೋಧಕಿ ನಾನು.

ಗಾಳಿಯನ್ನು ಬೈಯುತ್ತ ಕೂತ ನನ್ನನ್ನು ಕಂಡು ಕುರಿ ಕಾಯುವ ಜಯಕ್ಕ ನಕ್ಕರು. "ಚಳಿಗಾಳಿಗೆ ನಾವೇ ಕಂಬ್ಳಿ ಹೊದೀತೀವಿ, ಅದಕ್ಕೂ ಒಂದೀಟು ಹೊದಿಸ್ರಿ" ಎಂದು ಹಿಡಿ ಕುರಿ ಉಣ್ಣೆ ಕೊಟ್ಟರು. ಮೈಕಿಗೆ ಸುತ್ತಿದೆ. ನಾಲ್ಕನೆಯ ದಿನ ಮೆಹಜಬೀನ್‌ಗೆ ಜ್ವರ. ಬೇರೆ ಯಾರೂ ಒಪ್ಪದೆ ರೆಕಾರ್ಡರ್ ನಿನ್ನ ಕೊರಳಿಗೆ ಬಂತು. ದಿನ ದಂಡವಾಯಿತು ಎಂದುಕೊಂಡೆ.

ಸಂಜೆ ರೆಕಾರ್ಡಿಂಗ್ ಹಾಕಿ ಕೇಳಿದರೆ ನೀನು ಜಯಕ್ಕನಿಗೆ ಪಾಠ ಹೇಳುತ್ತಿದ್ದೆ. "ಈ ಕಡೆ ಕಲ್ಲು ನುಣ್ಣಗೈತೆ, ಆ ಕಡೆ ಒರಟೈತೆ. ಅಂದ್ರೆ ನೀರು ಇಲ್ಲಿಂದಾನೇ ಬರ್ತಿತ್ತು, ನೋಡ್ರಿ." ಒಂಬತ್ತು ನಿಮಿಷ. ಆಮೇಲೆ ದನಿ ತಗ್ಗಿತು. "ಮುಂದಿನ ವರ್ಷ ಅಬ್ಬಾ ಸ್ಕೂಲಿಗೆ ಕಳ್ಸಲ್ಲಂತೆ. ನಂಗೆ ಮಾತೇ ಬರಲ್ಲ ಅಂತ ಮೇಷ್ಟ್ರು ಹಾಳೆ ತೋರ್ಸಿದ್ರು."

ಅದು ನನ್ನ ಹಾಳೆ, ಶಮಾ.

ಮರುದಿನ ನಿನ್ನನ್ನು ಕೇಳಿದೆ, ಅಬ್ಬಾಗೆ ಕೇಳಿಸಲೇ ಎಂದು. ನೀನು ಯೋಚಿಸಿ ಹೇಳಿದೆ, "ನೀರಿಂದು ಕೇಳಿಸ್ರಿ. ಇನ್ನೊಂದು ಬ್ಯಾಡ." ನಿನ್ನ ಅಬ್ಬಾ ಖುದ್ದೂಸ್ ಸಾಹೇಬರು ಗ್ಯಾರೇಜಿನಲ್ಲಿ ಕೈ ಒರೆಸಿಕೊಂಡು, ರೆಕಾರ್ಡರ್ ಕಿವಿಗಿಟ್ಟು, ಲಾರಿ ಇಂಜಿನ್ ಕೇಳುವ ಹಾಗೆ ಕಣ್ಣು ಮುಚ್ಚಿ ಕೇಳಿದರು. ಎರಡು ಸಲ. ನಾನು ನನ್ನ ತಪ್ಪು ಹೇಳಿದೆ. ಅವರು ಬೈಯಲಿಲ್ಲ. "ಗಾಡಿ ಚೆನ್ನಾಗೇ ಐತೆ ಮೇಡಂ. ನೀವು ಕಿವಿ ಇಟ್ಟ ಜಾಗ ಸರಿ ಇರ್ಲಿಲ್ಲ" ಎಂದರು. ನನ್ನ ಪದ್ಧತಿಯ ಬಗ್ಗೆ ಯಾವ ಪ್ರೊಫೆಸರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಅಂದಿನಿಂದ ಪ್ರತಿ ಮಗುವಿಗೂ ಒಂದೊಂದು ಮೈಕು, ಉಣ್ಣೆ ಸಮೇತ.

ಈಗ ಪುಸ್ತಕ ಬರೆಯುತ್ತಿದ್ದೇನೆ. ಆ ಒಂಬತ್ತು ನಿಮಿಷ ಅದರಲ್ಲಿ ಬರಲಿ ಎಂದು ನನಗೆ ಆಸೆ. ಆವತ್ತಿನ ಸಿ.ಡಿ. ಇದರ ಜೊತೆಗಿದೆ. ನೀನು ದನಿ ತಗ್ಗಿಸಿ ಹೇಳಿದ ಕೊನೆಯ ಮಾತು ಅದೊಂದರಲ್ಲೇ ಉಳಿದಿದೆ, ನನ್ನ ಹತ್ತಿರ ಅಳಿಸಿದ್ದೇನೆ. ಇಟ್ಟುಕೋ, ಇಲ್ಲವೇ ಮುರಿದು ಹಾಕು. ಪುಸ್ತಕಕ್ಕೆ ಬೇಡ ಎನಿಸಿದರೆ ಬೇಡ ಎಂದು ಬರೆ. ಅದೂ ನಿನ್ನ ಮಾತೇ. ಈ ಸಲ ಹಾಳೆಯಲ್ಲಿ ಸರಿಯಾಗಿ ಬರೆದುಕೊಳ್ಳುತ್ತೇನೆ.

ಗಾಳಿ ಎಷ್ಟೇ ಬೀಸಲಿ, ನಿನ್ನ ದನಿ ಕೇಳಿಸುತ್ತಿರಲಿ.

ನಿನ್ನ ಉತ್ತರಕ್ಕೆ ಕಿವಿಗೊಟ್ಟು ಕೂತಿರುವ,
ಪುಷ್ಪಲತಾ