ಹೊಸ ಕೃಷ್ಣಾಜಿನ

ಗೋದಾ,

ನೀನು ದೇವಸ್ಥಾನದಿಂದ ಬರುವಷ್ಟರಲ್ಲಿ ನಾನು ಕೊತ್ತತ್ತಿಗೆ ಹೊರಟಿರುತ್ತೇನೆ. ಪಟೇಲರಿಗೆ ಒಂದು ವಿಷಯ ತಿಳಿಸಬೇಕು. ಸಾರು ಹಾಗೇ ಇದೆ, ನನಗೆ ಊಟ ಸೇರಲಿಲ್ಲ.

ಬೆಳಿಗ್ಗೆ ತಿರುಗಾಡಲು ಹೋದಾಗ ನಾಲೆಯಾಚೆ ಪೊದೆಗಳ ನಡುವೆ ಒಂದು ಕೃಷ್ಣಮೃಗ ಸತ್ತುಬಿದ್ದಿತ್ತು. ಹಿಂಗಾಲಿಗೆ ಉರುಳು ಬಿಗಿದಿತ್ತು. ಮಾಂಸಕ್ಕೆಂದು ಹಿಡಿದವರು ಮಾಂಸ ಬಿಟ್ಟು ಹೋಗುತ್ತಾರೆಯೇ? ಪಕ್ಕೆಯಲ್ಲಿ, ಕಪ್ಪು ಕೂದಲು ಬಿಳಿಗೆ ತಿರುಗುವ ಕಡೆ, ಅಂಗೈಯಗಲ ಚರ್ಮ ಮಾತ್ರ ಕುಯ್ದಿದ್ದರು. ಅಷ್ಟೇ ಚರ್ಮ ಯಾರಿಗೆ ಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ನಮ್ಮ ತಿರುನಾರಾಯಣನ ಉಪನಯನಕ್ಕೆ, ಜನಿವಾರಕ್ಕೆ ಕಟ್ಟಲೆಂದು, ಸೌದೆ ತರುವ ಹುಚ್ಚೀರಯ್ಯ ನಿನ್ನೆ ತಂದುಕೊಟ್ಟ ಕೃಷ್ಣಾಜಿನದ ತುಂಡು ಹಿತ್ತಿಲಲ್ಲಿ ಒಣಗುತ್ತಿದೆ. "ತಾನೇ ಸತ್ ಬಿದ್ದಿತ್ತು ಕಣ್ರವ್ವ" ಅಂದನಲ್ಲ. ಅದರ ಅಂಚಿನಲ್ಲಿ ಬಿಳಿ ಕೂದಲಿದೆಯೇ, ನೀನೇ ನೋಡು. ನನಗೆ ಮನಸ್ಸು ಬರಲಿಲ್ಲ.

ಇದ್ದರೆ ಹುಚ್ಚೀರಯ್ಯನನ್ನು ಬೈಯಬೇಡ. ನನ್ನ ಉಪನಯನದ ತುಂಡು ಪೆಟ್ಟಿಗೆಯಲ್ಲಿದ್ದರೂ ಹೊಸದೇ ಆಗಬೇಕೆಂದು ಹಟ ಹಿಡಿದವಳು ನೀನು. ಮಗುವಿಗೆ ಆ ಹಳೆಯದನ್ನೇ ಕಟ್ಟೋಣ. ಯಾರ ಮೇಲೆ ಅನುಮಾನ ಎಂದು ಪಟೇಲರು ಕೇಳಿದರೆ, ಮೊದಲು ನಮ್ಮ ಮನೆಯ ಹೆಸರನ್ನೇ ಹೇಳುತ್ತೇನೆ.

ನೋಡಿದ ಮೇಲೆ ಬಾವಿಯ ಹತ್ತಿರ ಹೋಗಿ ತಲೆಗೆ ನೀರು ಹುಯ್ದುಕೋ. ನಾನು ಹುಯ್ದುಕೊಂಡೇ ಹೊರಟಿದ್ದೇನೆ. ಸೂತಕ ನಮ್ಮ ಮನೆಯದು.