ನೇಮವ್ವನ ಇಟ್ಟಂಗಿ ಮನೆ

ಶ್ರಾವಣದ ನಲವತ್ತಾರನೆಯ ದಿನ, ೨೧೮೯

ಧನಪಾಲ ಮುತ್ತ್ಯಾ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ನಿಲ್ಲುವವರೆಗೆ ನಮ್ಮಲ್ಲಿ ಶ್ರಾವಣ ಮುಗಿಯುವುದಿಲ್ಲ. ನಾನು ಪದ್ಮಲಾ, ನಿಮ್ಮಿಂದ ಆರನೆಯ ತಲೆಮಾರಿನವಳು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದ ಬಂದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅದೊಂದಕ್ಕೇ.

ಕೃಷ್ಣೆಯ ದಂಡೆಯ ದಿಬ್ಬದ ಮೇಲಿನ ನಮ್ಮ ತೋಟದ ಮನೆಯನ್ನು ೧೮೭೪ರಲ್ಲಿ ಕಟ್ಟಿಸಿದವಳು ನೇಮವ್ವ. ಗಂಡ ಸತ್ತ ಮೇಲೆ ಮೈದುನರು ಹಳೆಯ ಮನೆಯಿಂದ ಹೊರಹಾಕಿದಾಗ ತನ್ನ ಪಾಲಿನ ಹೊಲದಲ್ಲೇ ಭಟ್ಟಿ ಹಾಕಿ ಇಟ್ಟಂಗಿ ಸುಡಿಸಿದಳು. ಸುಣ್ಣದ ಗಚ್ಚಿನಲ್ಲಿ ದಪ್ಪ ಗೋಡೆ ಎಬ್ಬಿಸಿ, ಹೊಳೆಯ ತೇವ ಆರಲೆಂದು ಬುಡದಲ್ಲಿ ಗಾಳಿಕಿಂಡಿ ಬಿಡಿಸಿದಳು. ಆಮೇಲೆ ಬಂದವರೂ ಮನೆಯನ್ನು ಇದ್ದ ಹಾಗೆ ಬಿಡಲಿಲ್ಲ. ಅವಳ ಮೊಮ್ಮಗ ದನದ ಕೊಟ್ಟಿಗೆಯನ್ನು ಬಾಣಂತಿ ಕೋಣೆ ಮಾಡಿದ. ನಿಮ್ಮ ಅಪ್ಪ ಮಣ್ಣಿನ ಮಾಳಿಗೆ ತೆಗೆಸಿ ಮಂಗಳೂರು ಹೆಂಚು ಹೊದಿಸಿದರು. ಅದಕ್ಕೆ ನನ್ನ ತಕರಾರಿಲ್ಲ. ಇರುವವರು ತಮಗೆ ಬೇಕಾದಂತೆ ಮನೆಯನ್ನು ಬದಲಿಸುತ್ತಾರೆ. ಆದರೆ ಅವರು ಯಾರೂ ಗೋಡೆಯ ಉಸಿರು ಕಟ್ಟಲಿಲ್ಲ. ನೀವು ಕಟ್ಟಿದಿರಿ.

ನಿಮ್ಮ ಮೊಬೈಲಿನಲ್ಲಿ ನೀವೇ ತೆಗೆದ ವಿಡಿಯೊ ಇಂದಿಗೂ ಉಳಿದಿದೆ. ಪಶ್ಚಿಮದ ಗೋಡೆಯ ಇಟ್ಟಂಗಿ ಕಾಣದಂತೆ ಸಿಮೆಂಟು ಮೆತ್ತುವ ಗಿಲಾವು ನಡೆದಿದೆ. ಗೌಂಡಿ ಇಮಾಮಸಾಬರು ಕೈ ನಿಲ್ಲಿಸಿ ಹೇಳುತ್ತಾರೆ:

"ಧನಪಾಲಣ್ಣಾ, ಈ ಗ್ವಾಡಿಗೆ ಸಿಮೆಂಟ್ ಬ್ಯಾಡ್ರಿ. ಒಳಗಿನ ಹಸಿ ಹೊರಗ ಬರಂಗಿಲ್ಲ. ಇಟ್ಟಂಗಿ ಕರಗಿ ಮಣ್ಣ ಆಗತೈತಿ."

ನೀವು ನಗುತ್ತೀರಿ. "ಹಳೇ ಇಟ್ಟಂಗಿ ಕಂಡ್ರ ಬೀಗರ ಮುಂದ ಮರ್ಯಾದಿ ಹೋಗತೈತಿ. ನೀ ಬಡಿ ಇಮಾಮಣ್ಣಾ. ಆ ಕಿಂಡೀನೂ ಮುಚ್ಚು, ಇಲಿ ಬರ್ತಾವ."

ಬೀಗರಿಗೆ ತೋರಿಸುವ ಚಂದಕ್ಕಾಗಿ, ಜೀವಮಾನವೆಲ್ಲ ಗೋಡೆ ಕಟ್ಟಿದವರ ಮಾತನ್ನು ನಕ್ಕು ತಳ್ಳಿಹಾಕಲು ನಿಮಗೆ ಮನಸ್ಸಾದರೂ ಹೇಗೆ ಬಂತು? ಆ ಮನೆ ನಿಮ್ಮೊಬ್ಬರದೇ ಆಗಿತ್ತೆ?

ಈಗ ಅದು ನಮ್ಮ ಊರಿನ ನೆರೆತಂಗು. ಹೊಳೆ ಏರಿದಾಗ ಊರವರೆಲ್ಲ ಬಂದು ಉಳಿಯುವ ಎತ್ತರದ ಮನೆಯನ್ನು ನಾವು ಹಾಗೆ ಕರೆಯುತ್ತೇವೆ. ಈ ಶ್ರಾವಣದ ಮೂವತ್ತರಂದು ಅರವತ್ತು ಜನ ಒಳಗಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಪಶ್ಚಿಮದ ಗೋಡೆ ಉಬ್ಬಿ ಬಿರಿಯಿತು, ತೊಲೆ ಜಾರಿತು. ನನ್ನ ತಮ್ಮ ಭರತೇಶ ಓಡಿಹೋಗಿ ಅದಕ್ಕೆ ಹೆಗಲು ಕೊಟ್ಟು ನಿಂತ.

"ಅಕ್ಕಾ, ನನ್ನ ನೋಡಬ್ಯಾಡ! ಹುಡುಗುರನ್ನ ಹೊರಗ ಕಳಸು!"

ಕೊನೆಯ ಮಗುವನ್ನು ಎತ್ತಿಕೊಂಡು ನಾನು ಹೊಸ್ತಿಲು ದಾಟುವಷ್ಟರಲ್ಲಿ ಗೋಡೆ ಕುಸಿಯಿತು. ಎಲ್ಲರೂ ಉಳಿದರು. ಅವನ ಎರಡೂ ಕಾಲು ಜಜ್ಜಿಹೋದವು. ಅವನನ್ನು ಹೊರಗೆಳೆಯಲು ಬಗೆಯುವಾಗ ನೇಮವ್ವನ ಇಟ್ಟಂಗಿ ನನ್ನ ಬೆರಳ ಸಂದಿಯಲ್ಲಿ ಕೆಂಪು ರಾಡಿಯಾಗಿ ಜಾರಿತು. ನಿಮ್ಮ ಸಿಮೆಂಟು ಮಾತ್ರ ಹಲಗೆಯಂತೆ ಇಡಿಯಾಗಿ ಅವನ ಮೊಣಕಾಲ ಮೇಲೆ ಬಿದ್ದಿತ್ತು.

ಭರತೇಶ ನಿಮ್ಮನ್ನು ಬೈಯುವುದಿಲ್ಲ. "ಪಾಪ, ಮುತ್ತ್ಯಾಗೇನ ಗೊತ್ತಿತ್ತು" ಎನ್ನುತ್ತಾನೆ. ಅವನಿಗೆ ನಾನಿನ್ನೂ ಆ ವಿಡಿಯೊ ತೋರಿಸಿಲ್ಲ.

ಅದರ ಕೊನೆಯಲ್ಲಿ ನೀವು, ಬರುವ ಸೋಮವಾರ ಪೂರ್ವದ ಗೋಡೆಗೂ ಗಿಲಾವು ಮಾಡಿಸುವುದಾಗಿ ಹೇಳುತ್ತೀರಿ. ಉಳಿದ ಅರ್ಧ ಮನೆಯಲ್ಲಿ, ಆ ಗೋಡೆಯ ಮಗ್ಗುಲಲ್ಲೇ ಭರತೇಶನ ಹಾಸಿಗೆಯಿದೆ. ಸುತ್ತ ನೀರು, ಅವನನ್ನು ಸಾಗಿಸಲು ದಾರಿಯಿಲ್ಲ. ನಿನ್ನೆಯಿಂದ ಅಲ್ಲಿಯೂ ಬಿರುಕು ಕಾಣಿಸಿದೆ.

ಸೋಮವಾರ ಕೆಲಸದವರನ್ನು ವಾಪಸು ಕಳಿಸಿ.

ಪದ್ಮಲಾ