ಬಿಂದುವನ್ನು ಕರೆತರಲಿಲ್ಲ

ಹುಡುಗಿಯರ ಹಾಸ್ಟೆಲ್,
ದೊಡ್ಡಬಳ್ಳಾಪುರ
ಗುರುವಾರ, ೮ ಜನವರಿ ೨೦೨೬

ಅಪ್ಪ,

ನಿನಗೂ ಅಮ್ಮನಿಗೂ ಕೀರ್ತನಳ ನಮಸ್ಕಾರ. ಹಳೆಯ ಶಾಲೆಯ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ವಾರ್ಡನ್ ಮೇಡಂ ಬೋರ್ಡಿನ ಮೇಲೆ ಬರೆದುಕೊಡುತ್ತಿದ್ದ ‘ನಾನು ಇಲ್ಲಿ ಕ್ಷೇಮ’ ಅನ್ನುವ ಸಾಲನ್ನು ಇವತ್ತು ಬರೆಯುತ್ತಿಲ್ಲ. ನನಗೆ ನೆಗಡಿ, ತುಟಿ ಒಡೆದು ರಕ್ತ ಬರುತ್ತಿದೆ, ಸೋಮವಾರ ಕೆಮಿಸ್ಟ್ರಿ ಪ್ರಾಕ್ಟಿಕಲ್ ಎಕ್ಸಾಮ್ ಇದೆ, ರೆಕಾರ್ಡ್ ಬುಕ್ಕಿಗೆ ಇನ್ನೂ ಸೈನ್ ಆಗಿಲ್ಲ.

ಕಾಗದ ತಡವಾಯಿತು, ಸಾರಿ. ನಾನು ಬಂದು ಮೂರು ದಿನವಾಯಿತು. ಟಿಕೆಟ್ ಕನ್ಫರ್ಮ್ ಆಗಲಿಲ್ಲ, ಇನ್ನೊಂದು ವಾರ ಆಗುತ್ತದೆ ಅಂತ ಅಣ್ಣ ನಿನಗೆ ಫೋನಿನಲ್ಲಿ ಹೇಳಿದ್ದಾನಲ್ಲ, ಅದು ಸುಳ್ಳು. ಯಲಹಂಕದಲ್ಲಿ ಇಳಿದು ದೇವನಹಳ್ಳಿ ಬಸ್ಸು ಹತ್ತಬೇಕಾದವಳು ದೊಡ್ಡಬಳ್ಳಾಪುರದ ಬಸ್ಸು ಹತ್ತಿ ಹಾಸ್ಟೆಲ್ ಸೇರಿಕೊಂಡೆ. ನಿನ್ನ ಮೊಮ್ಮಗಳು ನನ್ನ ಜೊತೆ ಇರಲಿಲ್ಲ. ಬರೀ ಕೈಯಲ್ಲಿ ಮನೆ ಬಾಗಿಲಿಗೆ ಬಂದು ನಿನ್ನೆದುರು ನಿಲ್ಲುವ ಧೈರ್ಯವಾಗಲಿಲ್ಲ.

ಬಿಂದುವನ್ನು ನಾನು ಕರೆತಂದಿಲ್ಲ ಅಪ್ಪ. ಕರೆತರುವುದೂ ಇಲ್ಲ.

ಫೋನಿನಲ್ಲಿ ಹೇಳಿದರೆ ನೀನು ಎರಡು ಮಾತಿಗೆ ‘ಆಯ್ತು ಬುಡು’ ಅಂತ ಅಮ್ಮನ ಕೈಗೆ ಕೊಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯ ತನಕ ಓದುತ್ತೀಯ. ಓದು. ನನಗೆ ಎಲ್ಲರ ಮೇಲೂ ಸಿಟ್ಟು ಬಂದಿದೆ, ನಿನ್ನಿಂದಲೇ ಶುರು ಮಾಡುತ್ತೇನೆ.

ಒಂಬತ್ತನೇ ಕ್ಲಾಸಿನಲ್ಲಿ ನಮ್ಮ ಶಾಲೆಯವರು ನನ್ನನ್ನು ಒಂದು ವರ್ಷ ಉತ್ತರದ ಕಡೆ ಓದಲು ಕಳಿಸಿದ್ದೇ ತಪ್ಪಾಯಿತು. ಅವತ್ತಿನಿಂದ ಮನೆಯಲ್ಲಿ ಹಿಂದಿ ಅಂದರೆ ಕೀರ್ತನ. ಬ್ಯಾಂಕಿನಿಂದ ಫೋನ್ ಬಂದರೆ ಕೀರ್ತನ, ಬೋರ್‌ವೆಲ್ ಲಾರಿಯ ಹುಡುಗರು ನೀರು ಕೇಳಿದರೆ ಕೀರ್ತನ. ಅಣ್ಣನಿಗೆ ಹಿಮಾಚಲದಲ್ಲಿ, ಸೋಲನ್ ಹತ್ತಿರದ ಹಳ್ಳಿಯಲ್ಲಿ ಪಾಲಿಹೌಸ್ ನೋಡಿಕೊಳ್ಳುವ ಕೆಲಸ ಸಿಕ್ಕಿದಾಗಲೂ ಅಷ್ಟೇ. ಕುಂದಾಣದಲ್ಲಿ ಆರು ವರ್ಷ ಗುಲಾಬಿ ಪಾಲಿಹೌಸಿನಲ್ಲಿ ದುಡಿದವನಿಗೆ ಅಲ್ಲಿ ಸೂಪರ್‌ವೈಸರ್ ಕೆಲಸ, ಅತ್ತಿಗೆಗೂ ಅಲ್ಲೇ ಹೂವು ವಿಂಗಡಿಸುವ ಕೆಲಸ, ಇರಲು ಮನೆ. ಊಟಕ್ಕೆ ಕೂತಾಗ ನೀನು ತೀರ್ಪು ಕೊಟ್ಟೆ: “ಕೀರ್ತನ ಜತೇಲೋಗಿ ಮನೆ ಕೂಡಿಸ್ಕೊಟ್ಟು, ಬರ್ವಾಗ ಮಗೀನ ಕರ್ಕಂಡ್ ಬಂದ್ಬುಡ್ಲಿ. ಇಬ್ರೂ ಕೆಲ್ಸಕ್ಕೋದ್ರೆ ನೋಡ್ಕಳೋರ್ಯಾರು? ಆ ಚಳೀಲಿ, ಆ ಹಿಂದೀಲಿ ಅದೇನ್ ಓದ್ತದೆ? ಇಲ್ಲೇ ಎಲ್‌ಕೆಜಿಗೆ ಸೇರ್ಸಾನ.”

ಮಾರನೆಯ ದಿನವೇ ನೀನು ಸ್ಕೂಲ್ ವ್ಯಾನಿನ ಜಯಕುಮಾರಣ್ಣನಿಗೆ ಒಂದು ಸೀಟು ಇಟ್ಟಿರು ಅಂತ ಹೇಳಿ ಬಂದೆ. ನೀನು ತೀರ್ಪು ಕೊಟ್ಟಾಗ ಅಣ್ಣ ಮುದ್ದೆ ಮುರಿಯುತ್ತಾ ಹೂಂ ಅಂದಿದ್ದ. ಅತ್ತಿಗೆ ತಲೆ ಬಗ್ಗಿಸಿಕೊಂಡು ಸಾರು ಬಡಿಸುತ್ತಿದ್ದರು. ನಾನೂ ಹೂಂ ಅಂದಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ನಿನ್ನ ಪ್ರಸ್ತಾನ. ಧನುರ್ಮಾಸ ಹುಟ್ಟುವುದರೊಳಗೆ ಹೊರಡಬೇಕು, ಒಳ್ಳೆಯ ಗಳಿಗೆ ಇರುವುದು ಗುರುವಾರ, ರೈಲು ಇರುವುದು ಶನಿವಾರ. ಗುರುವಾರ ಬೆಳಗ್ಗೆ ಒಂದು ಬ್ಯಾಗನ್ನು ಎದುರು ಮನೆ ಕದಿರಮ್ಮಜ್ಜಿಯ ನಡುಮನೆಯಲ್ಲಿಟ್ಟು ಬಂದರೆ ಅಲ್ಲಿಗೆ ನಾವು ಹೊರಟ ಹಾಗೇ ಅಂತ ನೀನು ಅಂದೆ. ಆ ಬ್ಯಾಗು ಮತ್ತೆ ಮನೆಯೊಳಗೆ ಬರುವ ಹಾಗಿಲ್ಲ ಅಂತಲೂ ಅಂದೆ. ಅತ್ತಿಗೆ ಬಹಳ ಯೋಚನೆ ಮಾಡಿ, ದಾರಿಯಲ್ಲಿ ಬೇಕಾಗದ ಬ್ಯಾಗನ್ನೇ ಕಳಿಸಿದರು. ಅಂದರೆ ನಾಲ್ಕು ಜನರ ಸ್ವೆಟರು, ಕಾಲುಚೀಲ, ಮಂಕಿ ಕ್ಯಾಪು ಎಲ್ಲ ಇದ್ದ ಬ್ಯಾಗು. ಶನಿವಾರ ಬೆಳಗ್ಗೆ ನೋಡಿದರೆ ಕದಿರಮ್ಮಜ್ಜಿ ಬಾಗಿಲು ಹಾಕಿಕೊಂಡು ವಿಜಯಪುರದ ಮಗಳ ಮನೆಗೆ ಹೋಗಿದ್ದರು. ಅವರ ಹತ್ತಿರ ಫೋನೂ ಇಲ್ಲ. ಆಟೋ ಹಾರ್ನ್ ಹೊಡೆಯುತ್ತಿತ್ತು. ನೀನು ಒಂಚೂರೂ ತಲೆ ಕೆಡಿಸಿಕೊಳ್ಳದೆ ಹೇಳಿದೆ: “ಬ್ಯಾಗು ಆಗ್ಲೇ ಹೊಂಟೋಗದೆ, ನೀವ್ ಹೊರಡ್ರಿ.”

ಹೆಗಲ ಮೇಲಿನ ಕಂಬಳಿ ತೆಗೆದು ಆಟೋದೊಳಗೆ ಎಸೆದೆಯಲ್ಲ, ಅದಕ್ಕೆ ಥ್ಯಾಂಕ್ಸ್. ಚಂಡೀಗಢದಲ್ಲಿ ಬೆಳಗಿನ ಜಾವ ರೈಲಿಳಿದ ಮೇಲೆ ಬಸ್ಸು ಸಿಗುವ ತನಕ ಒಂದೇ ಕಂಬಳಿಯೊಳಗೆ ನಾವು ನಾಲ್ಕು ಜನ ಕೂತಿದ್ದೆವು. ಬಿಂದು ನಮ್ಮ ಮಧ್ಯೆ ಕುರಿಮರಿಯ ಹಾಗೆ ತಲೆ ಹೊರಗೆ ಹಾಕಿ, ಹೋಗಿ ಬರುವವರಿಗೆಲ್ಲ ‘ಏನಪ್ಪಾ’ ಅನ್ನುತ್ತಿದ್ದಳು.

ರೈಲಿನ ಕಥೆ ಏನು ಹೇಳಲಿ. ಅಮ್ಮ ಕಟ್ಟಿಕೊಟ್ಟ ಅರ್ಧ ಮೂಟೆ ಅವರೆಕಾಯಿಯನ್ನು ಅತ್ತಿಗೆ ನಾಗಪುರ ದಾಟುವ ತನಕ ಬಿಡಿಸಿದರು. ಬೋಗಿಯೆಲ್ಲ ಸೊಗಡಿನ ವಾಸನೆ. ಎದುರು ಬರ್ತಿನ ಪಂಜಾಬಿ ಅಜ್ಜಿಯೂ ಮಡಿಲಿಗೆ ಕಾಯಿ ಹಾಕಿಕೊಂಡು ಬಿಡಿಸಲು ಕೂತರು. ಇದನ್ನು ನೆನೆಸಿ, ಹಿಸುಕಿ, ಸಿಪ್ಪೆ ತೆಗೆದು ಸಾರು ಮಾಡುತ್ತೀವಿ ಅಂತ ನಾನು ಹಿಂದಿಯಲ್ಲಿ ವಿವರಿಸಬೇಕಾಯಿತು. ಇಷ್ಟೆಲ್ಲ ಯಾಕೆ, ಹಾಗೇ ಬೇಯಿಸಬಾರದಾ ಅಂದರು. ಬಿಂದು ಕಾಳುಗಳನ್ನು ಮಲಗಿದ್ದವರ ಶೂಗಳೊಳಗೆ ಬಿತ್ತಿದಳು. ಅಣ್ಣ ಪ್ರತಿ ಸ್ಟೇಷನ್ನಿನಲ್ಲೂ ಟೀಗೆ ಅಂತ ಇಳಿದು, ರೈಲು ಹೊರಟ ಮೇಲೆ ಯಾವುದೋ ಬೋಗಿಗೆ ಹತ್ತಿ ಹಲ್ಲು ಕಿರಿಯುತ್ತಾ ಬರುತ್ತಿದ್ದ. ಪುಸ್ತಕ ಬಿಚ್ಚಿದ್ದೆ, ಒಂದೇ ಪುಟವನ್ನು ಮಧ್ಯಪ್ರದೇಶದ ಉದ್ದಕ್ಕೂ ಓದಿದೆ.

ಮನೆ ಪರವಾಗಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಎರಡು ರೂಮು, ಕೆಳಗೆ ಮನೆಯೊಡತಿ. ಹಾಲು ಉಕ್ಕಿಸಲು ಹೋದಾಗ ರಾಮಾಯಣವಾಯಿತು. ಹಾಲು ಏರುತ್ತಿದ್ದ ಹಾಗೇ ಆಯಮ್ಮ ಓಡಿಬಂದು ಒಲೆ ಆರಿಸಿದರು. ಅವರ ಕಡೆ ಹಾಲು ಉಕ್ಕಿ ಚೆಲ್ಲಿದರೆ ಅಪಶಕುನವಂತೆ. ಚೆಲ್ಲಲೇಬೇಕು, ಅದಕ್ಕೇ ಇಟ್ಟಿರುವುದು ಅಂತ ನಾನು. ಇದೆಂಥ ಹುಚ್ಚು ಅಂತ ಅವರು. ಮೂರು ಸಲ ಹಚ್ಚಿದೆವು, ಮೂರು ಸಲ ಆರಿಸಿದರು. ಕೊನೆಗೆ ಬಿಂದು ಅವರ ದುಪಟ್ಟಾ ಹಿಡಿದೆಳೆದು ಹೊರಗಿನ ಹಸು ತೋರಿಸಲು ಕರೆದುಕೊಂಡು ಹೋದಳು, ಅಷ್ಟರಲ್ಲಿ ಉಕ್ಕಿತು. ಅತ್ತಿಗೆಯ ಕಣ್ಣಲ್ಲಿ ನೀರು. ನಾನು ಸಂತೋಷಕ್ಕೆ ಅಂದುಕೊಂಡೆ. ನನಗೆ ಬುದ್ಧಿ ಬರುವುದು ಯಾವಾಗಲೂ ತಡ.

ಹೊಸ ವರ್ಷಕ್ಕೆ ಎರಡು ದಿನ ಮುಂಚೆ ಹಿಮ ಬಿತ್ತು. ಬಾಗಿಲು ತೆಗೆದರೆ ಅಂಗಳವೆಲ್ಲ ಬೆಳ್ಳಗೆ. ಬಿಂದು ಹೊಸಿಲ ಮೇಲೆ ನಿಂತು ತುಂಬ ಹೊತ್ತು ನೋಡಿ, “ಅತ್ತೆ, ಇಷ್ಟೊಂದ್ ಹಿಟ್ಟು ಯಾರ್ ರುಬ್ಬಿದ್ದು?” ಅಂದಳು. ಆಮೇಲೆ ಒಂದು ಮುಷ್ಟಿ ತೆಗೆದು ತಾತನಿಗೆ ಅಂತ ಟಿಫನ್ ಡಬ್ಬಿಗೆ ಹಾಕಿ ಮುಚ್ಚಿಟ್ಟಳು. ಮಧ್ಯಾಹ್ನ ನೋಡಿದರೆ ನೀರು. ನಾನೇ ತಿಂದುಬಿಟ್ಟೆ ಅಂತ ಸಂಜೆಯ ತನಕ ನನ್ನ ಜೊತೆ ಮಾತು ಬಿಟ್ಟಳು. ಅಣ್ಣ ಅವತ್ತು ಪಾಲಿಹೌಸಿನ ಪ್ಲಾಸ್ಟಿಕ್ ಹೊದಿಕೆಯ ಮೇಲಿನ ಹಿಮ ಕೆಡವಲು ಬೆಳಗ್ಗೆಯೇ ಹೋದವನು ಮೂಗು ಕೆಂಪು ಮಾಡಿಕೊಂಡು ಬಂದು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾರಿ ಬಿದ್ದ. ಇಬ್ಬರೂ ಬಿದ್ದು ನಗುತ್ತಿದ್ದರು. ಅತ್ತಿಗೆ ಬೈಯುತ್ತಾ ನಗುತ್ತಿದ್ದರು. ಮೂಳೆ ಮುರಿದರೆ ಆಸ್ಪತ್ರೆಯಲ್ಲಿ ಹಿಂದಿ ಮಾತಾಡಬೇಕಾದವಳು ನಾನು, ಅದಕ್ಕೆ ನಾನೊಬ್ಬಳೇ ನಗಲಿಲ್ಲ.

ಆದರೆ ಅವಳೊಬ್ಬಳೇ ನನ್ನ ಜೊತೆ ವಾಪಸ್ ಹೊರಡಬೇಕು ಅಂತ ಬಿಂದುಗೆ ಯಾರೂ ಹೇಳಿರಲಿಲ್ಲ ಅಪ್ಪ. ನಾನು ಎರಡು ಸಲ ಕೇಳಿದೆ. ಅಣ್ಣ ‘ಆಮೇಲ್ ಹೇಳಾನ ಬುಡು’ ಅಂದ. ಅತ್ತಿಗೆ, ಈಗಲೇ ಹೇಳಿ ಅಳಿಸುವುದು ಯಾಕೆ ಅಂದರು. ಪಕ್ಕದಲ್ಲೇ ಅಂಗನವಾಡಿ ಇದೆ, ನಾನೇ ಹೋಗಿ ಮಾತಾಡಿ ಬಂದೆ, ಎರಡು ಗಂಟೆಯ ತನಕ ಇಟ್ಟುಕೊಳ್ಳುತ್ತಾರೆ ಅಂದರೆ, ಅಣ್ಣ ನಿನ್ನ ಹೆಸರು ಹೇಳಿ ಬಾಯಿ ಮುಚ್ಚಿಸಿದ. ಅಪ್ಪ ಹೇಳಿಯಾಗಿದೆಯಲ್ಲ ಅಂತ.

ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಎಲ್ಲರೂ ಬಂದರು. ಬಿಂದುಗೆ ಹೊಸ ಸ್ವೆಟರ್ ಹಾಕಿದ್ದರು. ಬಸ್ಸಿನಲ್ಲಿ ಸುಮ್ಮನೆ ಒಂದು ರೌಂಡ್ ಹೋಗಿ ಬರುವುದು ಅಂತ ಅವಳಿಗೆ ಹೇಳಿದ್ದರು. ಅತ್ತಿಗೆ ಬಸ್ಸು ಹತ್ತಲೇ ಇಲ್ಲ, ಟೀ ಅಂಗಡಿಯ ಹಿಂದೆ ನಿಂತುಬಿಟ್ಟರು. ಅಣ್ಣ ಹತ್ತಿ, ಅವಳನ್ನು ನನ್ನ ತೊಡೆಯ ಮೇಲೆ ಕಿಟಕಿ ಪಕ್ಕ ಕೂರಿಸಿದ.

“ಅತ್ತೆ ಹತ್ರ ಕುಂತಿರು ಪುಟ್ಟಿ, ಚಿಪ್ಸ್ ತಕ್ಕಂಡ್ ಬಂದ್ಬುಡ್ತೀನಿ.”

ನನ್ನ ಮುಖ ನೋಡದೆ ಇಳಿದು ಹೋದ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಾಡಿತು. ಬಿಂದು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅಪ್ಪಾ, ಬಸ್ ಹೊಂಟೋಯ್ತದೆ, ಬಾ” ಅಂತ ಕೂಗಿದಳು. ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡಿತು. ಅಣ್ಣ ಮಾತ್ರ ತಿರುಗಲಿಲ್ಲ. ಬೆನ್ನು ಮಾಡಿಕೊಂಡು ಅಂಗಡಿಯಲ್ಲಿ ತೂಗುಹಾಕಿದ್ದ ಪ್ಯಾಕೆಟ್‌ಗಳನ್ನೇ ನೋಡುತ್ತಾ ನಿಂತಿದ್ದ.

ನಾನು ಎದ್ದೆ. ನಿಲ್ಲಿಸಿ ಅಂದಿದ್ದು ಹಿಂದಿಯಲ್ಲೋ ಕನ್ನಡದಲ್ಲೋ ಗೊತ್ತಿಲ್ಲ. ಕಂಡಕ್ಟರ್ ಬೈದ. ಮಗುವನ್ನೂ ಬ್ಯಾಗನ್ನೂ ಎಳೆದುಕೊಂಡು ಇಳಿದೆ. ಅಣ್ಣನ ಎದುರು ಅವಳನ್ನು ನಿಲ್ಲಿಸಿ ಹೇಳಿದೆ: “ಕಳ್ಸೋದಾದ್ರೆ ಇವ್ಳ ಮುಖ ನೋಡ್ಕೊಂಡು ಹೇಳು. ನಾನ್ ಬರಲ್ಲ, ನೀನು ತಾತನ ಮನೇಲಿರ್ಬೇಕು ಅನ್ನು. ನೀನ್ ಹೇಳ್ಬಿಟ್ರೆ ಮುಂದಿನ ಬಸ್ಸಿಗೇ ಕರ್ಕೊಂಡು ಹೋಗ್ತೀನಿ.”

ಅಣ್ಣ ಕುಕ್ಕರಗಾಲಿನಲ್ಲಿ ಕೂತ. ‘ನೋಡು ಪುಟ್ಟಿ’ ಅಂದ. ಅವಳು ‘ಏನಪ್ಪಾ’ ಅಂದಳು. ಅವನು ಅವಳ ಸ್ವೆಟರಿನ ಗುಂಡಿ ಬಿಚ್ಚಿ ಮತ್ತೆ ಹಾಕಿದ, ಮತ್ತೆ ಬಿಚ್ಚಿದ. ಆ ಹೊತ್ತಿಗೆ ಅತ್ತಿಗೆ ಅಂಗಡಿಯ ಹಿಂದಿನಿಂದ ಬಂದರು. ಮುಖವೆಲ್ಲ ಊದಿಕೊಂಡಿತ್ತು.

“ಅವರ ಕೈಲಾಗಲ್ಲ ಕೀರ್ತನ, ನನ್ ಕೈಲೂ ಆಗಲ್ಲ. ನೀನೇ ಹೇಳ್ಬುಡು. ನೀನು ಚಿಕ್ಕೋಳಿಂದ ಹಾಸ್ಟೆಲ್ನಾಗಿದ್ದೋಳು, ನಿಂಗೆ ಅಭ್ಯಾಸ ಐತಲ್ಲ.”

ಮಗುವನ್ನು ಅವರ ಕೈಗೆ ಕೊಟ್ಟು ಮುಂದಿನ ಬಸ್ಸಿಗೆ ಹತ್ತಿದೆ. ಅತ್ತಿಗೆಯ ಮೇಲೆ ಕೋಪ ಮಾಡಿಕೊಳ್ಳಬೇಡ, ಅವರು ಚುಚ್ಚಲು ಅಂದಿದ್ದಲ್ಲ.

ಇನ್ನು ಅವರು ಹೇಗೆ ಸಂಭಾಳಿಸುತ್ತಾರೋ ಗೊತ್ತಿಲ್ಲ. ಅಂಗನವಾಡಿ ಮುಗಿದ ಮೇಲೆ ಮಗುವನ್ನು ಹೂವಿನ ಶೆಡ್ಡಿಗೆ ಕರೆದುಕೊಂಡು ಹೋಗಲು ಮಾಲೀಕರನ್ನು ಕೇಳುತ್ತಾರಂತೆ. ಒಪ್ಪದಿದ್ದರೆ ಅತ್ತಿಗೆ ಕೆಲಸ ಬಿಡಬಹುದು. ಅಷ್ಟು ದೂರ ಹೋಗಿದ್ದೇ ಇಬ್ಬರ ಸಂಬಳಕ್ಕೆ ಅಂತ ನೀನು ಅನ್ನುತ್ತೀಯ, ಸರಿಯೇ. ಆದರೂ ನಿನ್ನ ಸಿಟ್ಟನ್ನು ಅಣ್ಣನ ಮೇಲೆ ತೋರಿಸಬೇಡ. ಕೆಡಿಸಿದವಳು ನಾನು. ಜಯಕುಮಾರಣ್ಣನಿಗೆ ಸೀಟು ಬೇಡ ಅಂತ ಹೇಳಿಬಿಡು. ಅಮ್ಮನಿಗೆ ಮಾತ್ರ ನಿಧಾನವಾಗಿ ಹೇಳು, ಸಂಕ್ರಾಂತಿಗೆ ಎಳ್ಳು ಬೀರಲು ಬಿಂದುಗೆ ಲಂಗ ಹೊಲಿಸಿಟ್ಟಿದ್ದಾಳೆ.

ಸೋಮವಾರದ ಪ್ರಾಕ್ಟಿಕಲ್‌ಗೆ ನಿಮ್ಮಿಬ್ಬರ ಆಶೀರ್ವಾದ ಬೇಕು. ಗಾಜಿನ ಬ್ಯೂರೆಟ್ ಕೈಜಾರಿ ಒಡೆಯದಿದ್ದರೆ ಸಾಕು. ಬಾ ಅಂದರೆ ಹಬ್ಬಕ್ಕೆ ಬರುತ್ತೇನೆ. ಕುರಿಗಳಿಗೂ ನಿನ್ನ ಮೊಣಕಾಲಿಗೂ ಚಳಿ ತಾಗದಿರಲಿ. ದೇವರು ಅಣ್ಣನ ಮನೆಯವರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಮಗಳು,
ಕೀರ್ತನ

ತಾ. ಕ.: ಕವರ್ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆರನೇ ಕ್ಲಾಸಿಗೆ ನನ್ನನ್ನು ಹಾಸ್ಟೆಲಿಗೆ ಬಿಟ್ಟ ದಿನ ಪಟ್ಟಿಯಲ್ಲಿದ್ದ ಬಕೆಟ್ ತರುವುದು ಮರೆತಿದ್ದೆವು. “ಇಲ್ಲೇ ಅಂಗ್ಡೀಲಿ ತಕ್ಕಂಡ್ ಬಂದ್ಬುಡ್ತೀನಿ, ಕುಂತಿರು ಮಗ” ಅಂತ ನೀನು ಹೋದೆ. ಆಮೇಲೆ ವಾಚ್‌ಮನ್ ರಾಮಾಂಜಿನಪ್ಪ ಬಕೆಟ್ ತಂದುಕೊಟ್ಟು, ನಿಮ್ಮಪ್ಪನಿಗೆ ಅರ್ಜೆಂಟ್ ಕೆಲಸ ಬಂತಂತೆ ಅಂದರು. ನಾನು ಅದನ್ನು ನಂಬಿದೆ ಅಂತ ನೀನು ಇವತ್ತಿಗೂ ಅಂದುಕೊಂಡಿದ್ದೀಯ. ನಾನು ಮೇಲಿನ ಕಿಟಕಿಯಲ್ಲಿದ್ದೆ ಅಪ್ಪ. ನೀನು ಕೆಂಪು ಬಕೆಟ್ ಹಿಡಿದುಕೊಂಡು ಗೇಟಿಗೆ ಬಂದಿದ್ದನ್ನು ನೋಡಿದೆ. ನೀನೇ ಅದನ್ನು ವಾಚ್‌ಮನ್ ಕೈಗೆ ಕೊಟ್ಟೆ. ಒಂದು ಸಲ ಕಟ್ಟಡದ ಕಡೆ ನೋಡಿ, ಟವೆಲಿನಿಂದ ಮುಖ ಒರೆಸಿಕೊಂಡು ಹೊರಟುಹೋದೆ. ನಾನು ಕೂಗಿದ್ದರೆ ನಿನಗೆ ಕೇಳಿಸುವಷ್ಟು ಹತ್ತಿರದಲ್ಲಿದ್ದೆ. ಆದರೆ ಕೂಗಿದರೆ, ನೀನು ಸುಳ್ಳು ಹೇಳಿದ್ದು ನನಗೆ ಗೊತ್ತಾಯಿತು ಅಂತ ನಿನಗೆ ನಾಚಿಕೆಯಾಗುತ್ತದೆ ಅನ್ನಿಸಿ ಸುಮ್ಮನಾದೆ. ಆಗ ನನಗೆ ಹನ್ನೊಂದು ವರ್ಷ. ಅತ್ತಿಗೆ ಹೇಳಿದ ಅಭ್ಯಾಸ ಅಂದರೆ ಅದು. ಬಿಂದುಗೆ ಇನ್ನೂ ಕೂಗಲು ಬರುತ್ತದೆ.